ನಿನ್ನೆಯ ಸದ್ದಿನ ಕೆಳಗೆ

ನಮ್ಮೂರಿನಲ್ಲಿ ಕುಕ್ಕರ್ ಕೂಗಿತೆಂದು ಯಾರೂ ಒಲೆ ಆರಿಸುವುದಿಲ್ಲ. ಮೊದಲು ಹೋಗಿ ಅದರ ಹಿಡಿಯ ಮೇಲೆ ಕೈಯಿಟ್ಟು ನೋಡುತ್ತಾರೆ. ಕೈಗೆ ನಡುಕ ತಾಗಿದರೆ ಅದು ಇವತ್ತಿನ ಕೂಗು, ತಾಗದಿದ್ದರೆ ನಿನ್ನೆಯದು. ಇಲ್ಲಿ ಎದ್ದ ಸದ್ದು ಮಾರನೆಯ ದಿನ ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಒಂದೇ ಒಂದು ಸಲ ತಿರುಗಿ ಬರುತ್ತದೆ. ಆಮೇಲೆ ಇಲ್ಲ. ಅದನ್ನು ಮೊಬೈಲಿನಲ್ಲಿ ಹಿಡಿಯಲು ಹೋದವರಿಗೆ ಬರೀ ಗಾಳಿ ಸಿಕ್ಕಿದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರ ಹೆದರುತ್ತಾರೆ, ಎರಡನೆಯ ವಾರ ನಗುತ್ತಾರೆ, ಮೂರನೆಯ ವಾರಕ್ಕೆಲ್ಲ ಜಗಳವಾಡಬೇಕಾದರೆ ಹಿತ್ತಲಿಗೆ ಹೋಗಬೇಕೆಂದು ಕಲಿತಿರುತ್ತಾರೆ. ಶಾಲೆಯಲ್ಲಿ ಒಂದು ದಿನ ಪಾಠ, ಒಂದು ದಿನ ಬರವಣಿಗೆ. ಬರೆಯುವ ದಿನ ನಿನ್ನೆಯ ಪಾಠವೇ ಕಿವಿಯ ಮೇಲೆ ಬೀಳುತ್ತಿರುವುದರಿಂದ ದಡ್ಡರೂ ಪಾಸಾಗುತ್ತಾರೆ. ನೂಲಿನ ಗಿರಣಿಯವರು ದಿನ ಬಿಟ್ಟು ದಿನ ಸೈರನ್ ಕೂಗಿಸುತ್ತಾರೆ. ನಡುವಿನ ದಿನ ಅದು ತಾನಾಗಿಯೇ ಕೂಗಿಕೊಳ್ಳುತ್ತದೆ.

ಎದುರು ನಿಂತು ಹೇಳಲಾಗದ ಮಾತನ್ನು ಹೇಳುವುದಕ್ಕೂ ನಮ್ಮಲ್ಲಿ ಒಂದು ದಾರಿಯಿದೆ. ಮದುವೆಯ ಮಾರನೆಯ ದಿನ ನಿನ್ನೆಯ ಬ್ಯಾಂಡು ಖಾಲಿ ಬೀದಿಯಲ್ಲಿ ತನ್ನಷ್ಟಕ್ಕೆ ಬಾರಿಸುತ್ತ ಹೋಗುವಾಗ, ಆ ಗದ್ದಲದಡಿಯಲ್ಲಿ ಹುಡುಗ ತುಟಿಯಾಡಿಸುತ್ತಾನೆ. ಹುಡುಗಿಗೆ ಏನೂ ಕೇಳುವುದಿಲ್ಲ. ಅವಳು ನಾಳೆ ಅದೇ ಹೊತ್ತಿಗೆ ಒಬ್ಬಳೇ ಬಂದು ಅಲ್ಲಿ ನಿಂತರೆ ಬ್ಯಾಂಡು ಇರುವುದಿಲ್ಲ, ಮಾತು ಮಾತ್ರ ಇರುತ್ತದೆ. ಬರದಿದ್ದರೆ ಅದೇ ಉತ್ತರ.

ಇನ್ನು ಯಾರಾದರೂ ತೀರಿಕೊಂಡರೆ ಮಾರನೆಯ ದಿನ ಬಂಧುಬಳಗವೆಲ್ಲ ಆ ಕೋಣೆಯಲ್ಲಿ ಚಾಪೆ ಹಾಸಿ ಉಸಿರು ಬಿಗಿಹಿಡಿದು ಕೂರುತ್ತದೆ, ಹೋದವರ ಕೊನೆಯ ಮಾತನ್ನು ಇನ್ನೊಂದು ಸಲ ಕೇಳಿಸಿಕೊಳ್ಳಲು. ಅದಕ್ಕೆ ಆಲಿಕೆ ಅನ್ನುತ್ತೇವೆ. ಆ ಹೊತ್ತಿಗೆ ಆ ಬೀದಿಯಲ್ಲಿ ಸೈಕಲ್ಲಿನ ಬೆಲ್ಲನ್ನೂ ಯಾರೂ ಬಾರಿಸುವುದಿಲ್ಲ.

ಅಂಥದೊಂದು ಆಲಿಕೆಯನ್ನು ಹಾಳುಮಾಡಿದವಳು ನಾನು, ನನ್ನ ಜೆಟ್ ವಿಮಾನ ಹಾರಿಸಿ.

ನನ್ನ ಹೆಸರು ತಾರಿಣಿ. ಬಸ್ ನಿಲ್ದಾಣದ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ ನನ್ನದು. ಮಿಕ್ಸಿ, ನೀರಿನ ಪಂಪು, ಸೀಲಿಂಗ್ ಫ್ಯಾನು, ಸುಟ್ಟದ್ದೇನಿದ್ದರೂ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತೇನೆ. ಬೇರೆ ಊರಿನ ಮೆಕ್ಯಾನಿಕ್ಕುಗಳು ಮೋಟಾರಿಗೆ ಕಿವಿಗೊಡುತ್ತಾರಂತೆ. ನಾವು ಅಂಗೈ ಇಡುತ್ತೇವೆ. ಹಗಲೆಲ್ಲ ತಿರುಗುವುದನ್ನು ಸರಿಮಾಡುತ್ತ ಕೂತವಳಿಗೆ, ತಿರುಗಿದರೆ ಸಾಲದು, ಎಲ್ಲಿಗಾದರೂ ಹೋಗಬೇಕು ಅನ್ನಿಸಿದ್ದು ಯಾವಾಗಲೋ ತಿಳಿಯದು. ಹೊರಗಿನಿಂದ ಪಾರ್ಸೆಲ್ಲಿನಲ್ಲಿ ಒಂದು ಪುಟ್ಟ ಜೆಟ್ ತರಿಸಿದೆ. ಫೋಮಿನದು, ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುವಂಥದು. ಅದಕ್ಕೆ ಹೊರಗೆ ಕಾಣುವ ಪಂಖ ಇಲ್ಲ. ಹೊಟ್ಟೆಯೊಳಗೆ ಒಂದು ಕೊಳವೆ, ಆ ಕೊಳವೆಯಲ್ಲಿ ಅಂಗೈ ಅಗಲದ ಫ್ಯಾನು. ಅದು ಮೂಗಿನ ಎರಡು ಪಕ್ಕದ ಬಾಯಿಗಳಿಂದ ಗಾಳಿ ಎಳೆದು ಬಾಲದಿಂದ ಉಗುಳುತ್ತದೆ. ಬ್ಯಾಟರಿ ತುಂಬಿದರೆ ನಾಲ್ಕು ನಿಮಿಷದ ಹಾರಾಟ. ಆ ನಾಲ್ಕು ನಿಮಿಷಕ್ಕಾಗಿ ನಾನು ವಾರವಿಡೀ ಉಸಿರಾಡುತ್ತಿದ್ದೆ ಎಂದರೂ ನಡೆದೀತು.

ಪಾರ್ಸೆಲ್ ಬಿಚ್ಚಿದಾಗ ವಿಮಾನದ ರೆಕ್ಕೆ ಮುರಿದು, ಮೂಗು ಜಜ್ಜಿಹೋಗಿತ್ತು. ಹಾಗಾಗಿ ಇನಾಸಣ್ಣನ ಹತ್ತಿರ ಹೋದೆ. ಇನಾಸಣ್ಣ ಮದುವೆ ಮಂಟಪಕ್ಕೆ ಥರ್ಮೋಕೋಲಿನಲ್ಲಿ ಹಂಸ, ನವಿಲು, ಕಮಾನು ಕೊರೆಯುವ ಮೇಸ್ತ್ರಿ. ಅರವತ್ತು ದಾಟಿದೆ, ಒಂದು ಮಂಡಿ ಬಗ್ಗುವುದಿಲ್ಲ. ಬಿಸಿ ತಂತಿಯಲ್ಲಿ ಅವನು ಫೋಮು ಕೊಯ್ಯುವುದನ್ನು ನೋಡಿದರೆ ಬೆಣ್ಣೆ ಕೊಯ್ಯುವುದು ಕಷ್ಟದ ಕೆಲಸ ಅನ್ನಿಸಬೇಕು. ಮೂಗನ್ನು ಹೊಸದಾಗಿ ಮಾಡಿ, ರೆಕ್ಕೆ ಅಂಟಿಸಿ, ನನ್ನನ್ನು ಕೇಳದೆ ಇಡೀ ಮೈಗೆ ನವಿಲುಗೊರಳಿನ ಬಣ್ಣ ಹೊಡೆದು, ರೆಕ್ಕೆಯ ಅಂಚಿಗೆ ಮಂಟಪದ ಜರಿಪಟ್ಟಿ ಅಂಟಿಸಿಬಿಟ್ಟಿದ್ದ.

"ಜರಿ ತೆಗಿ ಇನಾಸಣ್ಣ, ತೂಕ ಆಗತ್ತೆ," ಅಂದೆ.

"ಎರಡು ಗ್ರಾಮಿನ ಜರಿ ಹೊರಲಾರದ ವಿಮಾನ ಯಾತರ ವಿಮಾನವೇ? ಇಷ್ಟು ಚಂದದ ಹೆಣ್ಣನ್ನ ಬರಿಮೈಲಿ ಆಕಾಶಕ್ಕೆ ಕಳಿಸ್ತೀಯಾ?"

ಅವನು ಆ ಕಡೆ ತಿರುಗಿದಾಗ ಎಡರೆಕ್ಕೆಯ ಜರಿ ಕಿತ್ತೆ. ಬಲರೆಕ್ಕೆಯದನ್ನು ಬಿಟ್ಟೆ. ಆಮೇಲೆ ಅದು ಬಲಕ್ಕೆ ವಾಲಿದಾಗಲೆಲ್ಲ ಯಾರದು ತಪ್ಪು ಎಂದು ನಮಗೆ ಒಂದು ವಾದದ ವಿಷಯ ಸಿಕ್ಕಿತು.

ಊರಿನ ಅಂಚಿಗೆ ಒಣಗಿ ಗಟ್ಟಿಯಾದ ಕೆರೆಯಂಗಳವಿದೆ. ಅದೇ ನಮ್ಮ ವಿಮಾನ ನಿಲ್ದಾಣ. ಕೆರೆ ಏರಿಯ ಪಕ್ಕದ ಒಂಟಿ ಮನೆ ಸೀತಾಪತಿ ಮೇಷ್ಟ್ರದು. ಮೇಷ್ಟ್ರು ಎಂದರೆ ಊರಿಗೆ ದೊಡ್ಡ ಮಾತು. ಸದ್ದಿನ ಸಮಿತಿಯನ್ನು ಕಟ್ಟಿದವರೇ ಅವರು. ಯಾರು ಎಷ್ಟು ಹೊತ್ತಿಗೆ ಎಷ್ಟು ಸದ್ದು ಮಾಡಬಹುದು ಎಂದು ತೀರ್ಮಾನಿಸುವ ಸಮಿತಿ ಅದು. ಕೊನೆಯ ಆರು ವರ್ಷ ಹಾಸಿಗೆ ಹಿಡಿದಿದ್ದರು. ಮಗಳು ಅಂಬುಜಕ್ಕ ಮದುವೆಯಾಗದೆ ಅವರನ್ನು ನೋಡಿಕೊಂಡಿದ್ದಳು. ತೊಳೆಯುವುದು, ಉಣಿಸುವುದು, ಮಗ್ಗುಲು ತಿರುಗಿಸುವುದು, ಎಲ್ಲ ಒಬ್ಬಳೇ. ಊರಿನ ತಾಯಂದಿರು ತಮ್ಮ ಮಕ್ಕಳಿಗೆ ಅಂಬುಜಕ್ಕನನ್ನು ತೋರಿಸಿ ಬೈಯುತ್ತಿದ್ದರು.

ಮೇಷ್ಟ್ರು ತೀರಿಕೊಂಡ ಮಾರನೆಯ ಸಂಜೆ, ಐದು ಗಂಟೆ ಹತ್ತು ನಿಮಿಷಕ್ಕೆ, ಮೂವತ್ತು ಜನ ಆಲಿಕೆಗೆ ಕೂತಿದ್ದಾಗ, ನನ್ನ ಜೆಟ್ಟು ಕೆರೆಯಂಗಳದಿಂದ ಎದ್ದು ನೇರ ಆ ಮನೆಯ ಹೆಂಚಿನ ಮೇಲೆ ಹೋಗಿ ಆರು ಸುತ್ತು ಹಾಕಿತು. ಆಗ ಅದರದು ಐದು ಅಲಗಿನ ಫ್ಯಾನು. ತಗಡನ್ನು ಗರಗಸಕ್ಕೆ ಕೊಟ್ಟಂಥ ಕಿರುಚು. ಒಳಗಿದ್ದವರಿಗೆ ಮೇಷ್ಟ್ರ ಕೊನೆಯ ಮಾತಿನ ಒಂದಕ್ಷರವೂ ಕೇಳಲಿಲ್ಲ. ಅದರ ಮಾರನೆಯ ದಿನ ಐದೂ ಹತ್ತಕ್ಕೆ ಅದೇ ಕಿರುಚು ಮತ್ತೆ ಬಂತು. ಇನ್ನೂ ಉಳಿದುಕೊಂಡಿದ್ದ ನೆಂಟರು ಅಂಗಳಕ್ಕೆ ಓಡಿ ಬಂದು ಖಾಲಿ ಆಕಾಶಕ್ಕೆ ಮುಖವೆತ್ತಿ ನನ್ನನ್ನು ಬೈದರು. ಆ ಬೈಗುಳವೂ ಮೂರನೆಯ ದಿನ ಒಮ್ಮೆ ಬಂದು ಹೋಯಿತು.

"ಸಿಗ್ನಲ್ ಹೋಯ್ತು, ಕೈ ತಪ್ಪಿತು," ಎಂದು ನಾನು ಎಲ್ಲರಿಗೂ ಹೇಳಿದೆ. ಇನಾಸಣ್ಣನಿಗೂ ಅದನ್ನೇ ಹೇಳಿದೆ. "ಹೂಂ," ಅಂದ ಅವನು.

ನಿಜ ಬೇರೆ ಇತ್ತು. ಮೇಷ್ಟ್ರು ಸತ್ತ ದಿನ ನಾನು ಆ ಕೋಣೆಯಲ್ಲೇ ಇದ್ದೆ. ಅವರ ತಲೆಯ ಮೇಲಿನ ಫ್ಯಾನು ಕಿರ್ರೆನ್ನುತ್ತದೆ ಎಂದು ಅಂಬುಜಕ್ಕ ಕರೆಸಿದ್ದಳು. ನಾನು ಏಣಿಯ ಮೇಲೆ, ಮೇಷ್ಟ್ರು ಕೆಳಗೆ ಹಾಸಿಗೆಯಲ್ಲಿ, ಅಂಬುಜಕ್ಕ ಗಂಜಿ ತರಲು ಅಡುಗೆಮನೆಯಲ್ಲಿ. ಗೋಡೆಯ ಗಡಿಯಾರ ನನ್ನ ಕಣ್ಣಿಗೆ ಸರಿಯಾಗಿತ್ತು, ಐದೂ ಹತ್ತು. ಮೇಷ್ಟ್ರು ಕಣ್ಣು ಬಿಟ್ಟು ನನ್ನನ್ನು ನೋಡಿ ತೀರಾ ಸ್ಪಷ್ಟವಾಗಿ ಹೇಳಿದರು: "ಅವಳು ಬರೋದ್ರೊಳಗೆ ಹೋಗಿಬಿಡಬೇಕು ಕಣಮ್ಮ. ಆರು ವರ್ಷದಿಂದ ಅದೊಂದೇ ಮುಖ ನೋಡಿ ನೋಡಿ ಸಾಕಾಗಿದೆ." ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ತುಂಬ ಹೊತ್ತು ಬಸ್ಸಿಗೆ ಕಾದವರು ಹೇಳುವ ಹಾಗೆ ಹೇಳಿದರು. ನಾನು ಏನೂ ಕೇಳಿಸದವಳಂತೆ ಸ್ಕ್ರೂ ಬಿಗಿಯುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಅಂಬುಜಕ್ಕ ಗಂಜಿಯ ಲೋಟ ಹಿಡಿದು ಬಂದಳು. ಗಂಜಿ ಆರಿ ಮೇಲೆ ಕೆನೆ ಕಟ್ಟಿತ್ತು. ಬಿಸಿಗಂಜಿ ತರಲು ಹೋದವಳು ತಣ್ಣಗಿನದನ್ನು ತಂದಳಲ್ಲ ಎಂದು ಏಣಿಯ ಮೇಲಿಂದ ಒಂದು ಗಳಿಗೆ ಅಂದುಕೊಂಡದ್ದು ನೆನಪಿದೆ. ಅವಳು ಹಾಸಿಗೆಯ ಪಕ್ಕಕ್ಕೆ ಬಂದು ನಿಂತ ಮೇಲೆ ಮೇಷ್ಟ್ರು ಹೋಗಿಬಿಟ್ಟರು. ತಾವು ಬಯಸಿದ್ದಕ್ಕಿಂತ ಹತ್ತು ಹೆಜ್ಜೆ ತಡವಾಗಿ.

ಮನೆಗೆ ಬಂದ ಮೇಲೆ ನನಗೆ ತಟ್ಟಿದ್ದು: ನಾಳೆ ಇದೇ ಹೊತ್ತಿಗೆ ಈ ಮಾತು ಮೂವತ್ತು ಜನರ ನಡುವೆ ಮತ್ತೊಮ್ಮೆ ಬರುತ್ತದೆ. ಅಂಬುಜಕ್ಕ ಮುಂದಿನ ಚಾಪೆಯಲ್ಲಿ ಕೂತಿರುತ್ತಾಳೆ. ನನ್ನ ಬಳಿ ಆ ಮಾತನ್ನು ಮುಚ್ಚಬಲ್ಲಷ್ಟು ದೊಡ್ಡ ಸದ್ದು ಒಂದೇ ಇತ್ತು.

ಅದಾಗಿ ಮೂರು ತಿಂಗಳು ನನ್ನ ಜೆಟ್ಟು ಅಂಗಡಿಯ ಅಟ್ಟದಲ್ಲಿತ್ತು. ಸಮಿತಿ ಹಾರಾಟ ನಿಲ್ಲಿಸಿತ್ತು. ದೂರು ಕೊಟ್ಟವನು ಮೇಷ್ಟ್ರ ತಮ್ಮನ ಮಗ ನರಹರಿ, ಸಮಿತಿಯ ಕಾರ್ಯದರ್ಶಿ. ದೊಡ್ಡಪ್ಪನ ಕೊನೆಯ ಮಾತಿನಲ್ಲಿ ಊರಿಗೆ ಏನೋ ಸಂದೇಶವಿತ್ತು ಎಂದು ಅವನು ನಂಬಿದ್ದ. ಏಣಿಯ ಮೇಲಿದ್ದ ನನಗೆ ಏನೂ ಕೇಳಿಸಲಿಲ್ಲ ಎಂದು ನಾನು ಅವನಿಗೆ ಹೇಳಿದ್ದೆ. ಸಿಕ್ಕಿದವರಿಗೆಲ್ಲ, "ಒಂದು ಆಟಿಕೆಗೋಸ್ಕರ ಎಂಥ ಮಾತು ಹೋಯ್ತು ನೋಡಿ," ಅನ್ನುತ್ತಿದ್ದ. ಮೇಷ್ಟ್ರ ಜಾಗಕ್ಕೆ ಸಮಿತಿ ಅಂಬುಜಕ್ಕನನ್ನು ಕೂರಿಸಿತು. ಅವಳು ಮೂರು ತಿಂಗಳು ನನ್ನ ವಿಮಾನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪೇಟೆಯಲ್ಲಿ ಎದುರಾದರೆ ನಾನು ತರಕಾರಿ ಗಾಡಿಯ ಹಿಂದೆ ಸರಿಯುತ್ತಿದ್ದೆ. ನಿಜ ಹೇಳಿದರೆ ಜೆಟ್ಟು ಉಳಿಯುತ್ತಿತ್ತು, ಆದರೆ ಅವಳು ಆರು ವರ್ಷ ಮಾಡಿದ್ದೆಲ್ಲ ಆ ಒಂದು ವಾಕ್ಯದಡಿ ಹೋಗುತ್ತಿತ್ತು. ಸುಮ್ಮನಿದ್ದರೆ ನನ್ನ ನಾಲ್ಕು ನಿಮಿಷ ಹೋಗುತ್ತದೆ, ಅಷ್ಟೇ. ಅಷ್ಟೇ ಎಂದು ಬಾಯಲ್ಲಿ ಹೇಳುವುದು ಸುಲಭ.

ಕೊನೆಗೆ ಸಮಿತಿಯಿಂದ ಪತ್ರ ಬಂತು. ವಿಮಾನದ ಸದ್ದು ತಗ್ಗಿಸಿ ತೋರಿಸಬೇಕು, ಕೇಳಿ ತೀರ್ಮಾನಿಸುತ್ತೇವೆ, ಒಪ್ಪಿಗೆಯಾಗದಿದ್ದರೆ ಊರಿನ ಎಲ್ಲೆಯೊಳಗೆ ಇನ್ನೆಂದೂ ಹಾರಿಸುವಂತಿಲ್ಲ. ಕೆಳಗೆ ಅಂಬುಜಕ್ಕನ ಸಹಿ.

ನಾನೂ ಇನಾಸಣ್ಣನೂ ಇಪ್ಪತ್ತು ದಿನ ಅದರ ಹೊಟ್ಟೆ ಬಗೆದು ಕೂತೆವು. ಐದು ಅಲಗಿನ ಫ್ಯಾನು ತೆಗೆದು ಹನ್ನೆರಡು ಅಲಗಿನದು ಹಾಕಿದೆವು. ಅಲಗು ಹೆಚ್ಚಾದಷ್ಟೂ ಕಿರುಚು ಸಣ್ಣಗಾಗಿ ಒಂದು ಬಗೆಯ ಶಿಳ್ಳೆಯಾಗುತ್ತದೆ. ಒಂದು ಅಲಗು ಕೂದಲೆಳೆಯಷ್ಟು ಭಾರವಿದ್ದರೂ ಇಡೀ ಮೈ ನಡುಗುತ್ತದೆ, ಆದ್ದರಿಂದ ಹಗುರವಾದ ಅಲಗಿಗೆ ಚೂರು ಚೂರು ಟೇಪು ಅಂಟಿಸುತ್ತ, ತಿರುಗಿಸುತ್ತ, ಕೈಯಿಟ್ಟು ನೋಡುತ್ತ, ನಡುಕ ಪೂರ್ತಿ ನಿಲ್ಲುವವರೆಗೆ ಸರಿಮಾಡಿದೆ. ಇನಾಸಣ್ಣ ಗಾಳಿ ಒಳಹೋಗುವ ಬಾಯಿಯ ಅಂಚನ್ನು ಮಗುವಿನ ತುಟಿಯಷ್ಟು ದುಂಡಗೆ ಉಜ್ಜಿದ. ಬಾಲದೊಳಗಿನ ಕೊಳವೆ ಹಿಂದಕ್ಕೆ ಕಿರಿದಾಗುತ್ತ ನುಣ್ಣಗಿರಬೇಕಿತ್ತು. ಅದಕ್ಕೆ ಏನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅವನು ಮನೆಯಿಂದ ತನ್ನ ಮಂಡಿಯ ಎಕ್ಸ್‌ರೇ ತಂದ.

"ಡಾಕ್ಟರು ಇದನ್ನ ನೋಡಿ ಏನೂ ಮಾಡಲಾಗಲ್ಲ ಅಂದ್ರು. ನೀನಾದರೂ ಏನಾದರೂ ಮಾಡು."

ಆ ಹಾಳೆಯನ್ನು ಸುತ್ತಿ ಕೊಳವೆ ಮಾಡಿ ಒಳಗಿಟ್ಟೆವು. ಬಾಲದ ಕಡೆಯಿಂದ ಬೆಳಕಿಗೆ ಹಿಡಿದರೆ ಇನಾಸಣ್ಣನ ಮೂಳೆ ಕಾಣುತ್ತಿತ್ತು.

"ಈಗ ನೋಡು," ಅಂದ, "ನನ್ನ ಕಾಲೇ ಹಾರತ್ತೆ."

ಆಮೇಲೆ ನಮಗಿದ್ದ ನಿಜವಾದ ತೊಂದರೆ ಪತ್ರದ ಕೊನೆಯ ಸಾಲಿನದು. ಸಮಿತಿಯ ಪದ್ಧತಿ ಏನೆಂದರೆ, ಸದ್ದನ್ನು ಎದ್ದ ದಿನ ಕೇಳುವುದಿಲ್ಲ, ತಿರುಗಿ ಬಂದ ದಿನ ಕೇಳುವುದು. ವಸ್ತು ಕಣ್ಣೆದುರಿಗಿದ್ದರೆ ಕಿವಿ ಮೋಸ ಹೋಗುತ್ತದೆ ಎಂದು ಮೇಷ್ಟ್ರು ಮಾಡಿದ ಕಟ್ಟಳೆ. ಅಂದರೆ ನಾವು ಒಂದು ದಿನ ಹಾರಿಸಬೇಕು, ಸಮಿತಿ ಮಾರನೆಯ ದಿನ ಬಂದು ಖಾಲಿ ಆಕಾಶಕ್ಕೆ ಕಿವಿಗೊಡುತ್ತದೆ. ಆದರೆ ಕೆಳಗೆ ಬೇರೆ ಶಾಯಿಯಲ್ಲಿ ಅಂಬುಜಕ್ಕ ಬರೆದಿದ್ದಳು: "ಸದ್ದು ಬರುವಾಗ ವಿಮಾನವೂ ಹಾರುತ್ತಿರಬೇಕು. ನಾನು ಎರಡನ್ನೂ ಒಟ್ಟಿಗೆ ನೋಡಬೇಕು."

ಅದೊಂದನ್ನು ಮಾತ್ರ ನಾನು ಯಾವತ್ತೂ ಮಾಡಿರಲಿಲ್ಲ. ನಿನ್ನೆ ಹಾರಿಸಿದ ಹೊತ್ತಿಗೆ ಇವತ್ತು ಹಾರಿಸಬಾರದು ಎಂದು ನನಗೆ ನಾನೇ ಹಾಕಿಕೊಂಡ ಕಟ್ಟು. ಜೆಟ್ಟನ್ನು ಅರ್ಧ ಕಣ್ಣಿಂದ, ಅರ್ಧ ಕಿವಿಯಿಂದ ಹಾರಿಸುವುದು. ದೂರ ಹೋದಾಗ ಅದು ಒಂದು ಗೀರು ಮಾತ್ರ. ಮೋಟಾರಿನಲ್ಲಿ ಬಲವಿದೆಯೋ ಇಲ್ಲವೋ ಎಂದು ಸದ್ದೇ ಹೇಳಬೇಕು. ಹಾರುವ ವಿಮಾನದ ಮೇಲೆ ಕೈಯಿಟ್ಟು ನೋಡಲಾಗುವುದಿಲ್ಲ.

"ಆಗಲ್ಲ ಅಂತ ಬರಿ," ಅಂದ ಇನಾಸಣ್ಣ. "ನಿನ್ನೇದು ಯಾವುದು ಇವತ್ತಿಂದು ಯಾವುದು ಅಂತ ನಿಂಗೇ ತಿಳಿಯಲ್ಲ ಅಲ್ಲಿ."

"ಅವಳು ಕೇಳಿದಾಳೆ ಇನಾಸಣ್ಣ. ಆಗಲ್ಲ ಅಂತ ಅವಳಿಗೆ ಹೇಗನ್ನಲಿ?"

"ಅವಳಿಗೆ ನೀನು ಏನೋ ಬಾಕಿ ಇಟ್ಕೊಂಡಿರೋ ಹಾಗಿದೆ."

ನಾನು ಟೇಪು ಕತ್ತರಿಸುತ್ತ ಕೂತೆ.

ಸೋಮವಾರ ಸಂಜೆ ಐದಕ್ಕೆ ಕೆರೆಯಂಗಳದಲ್ಲಿ ನಾವಿಬ್ಬರೇ ನಿಂತು ಹಾರಿಸಿದೆವು. ಪ್ರತಿ ತಿರುವನ್ನೂ ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿದ್ದೆ: ಏರಿಯ ಉದ್ದಕ್ಕೆ ಓಟ, ಎಡಕ್ಕೆ ತಿರುವು, ಎರಡು ದೊಡ್ಡ ಸುತ್ತು, ಮೂರನೆಯ ನಿಮಿಷಕ್ಕೆ ಮೇಲೆ ಎತ್ತಿ, ತಲೆಕೆಳಗಾಗಿ ಸುತ್ತಿ ಬರುವ ಒಂದು ಪೂರ್ತಿ ಲೂಪು, ಆಮೇಲೆ ತಲೆಯ ಮೇಲೆ ತಗ್ಗಿನಲ್ಲಿ ಎರಡು ಸಲ ಹಾದು, ಇಳಿಯುವುದು. ಹೊಸ ಫ್ಯಾನಿನ ಸದ್ದು ಎಷ್ಟು ಚೆನ್ನಾಗಿತ್ತೆಂದರೆ ನಾನು ವಿಮಾನ ಇಳಿಸಿ ನಿಲ್ಲಿಸಿದ ಮೇಲೆ ನಕ್ಕುಬಿಟ್ಟೆ. ಕಿರುಚು ಹೋಗಿ, ದೂರದ ದೊಡ್ಡ ವಿಮಾನವೊಂದು ಮೋಡದಾಚೆ ಹೋಗುವಂಥ ತುಂಬಿದ ಸದ್ದು ಬಂದಿತ್ತು. ಇನಾಸಣ್ಣ ಟೋಪಿ ತೆಗೆದು ತನ್ನ ಮಂಡಿಗೆ ನಮಸ್ಕಾರ ಮಾಡಿದ.

ಮಂಗಳವಾರ ಸಂಜೆ ಸಮಿತಿ ಬಂತು. ಏಳು ಜನ. ಮುಂದೆ ನರಹರಿ, ಕಂಕುಳಲ್ಲಿ ದಫ್ತರ, ಎರಡೂ ಕಿವಿಯಲ್ಲಿ ಹತ್ತಿ. ಹಿಂದೆ ಅಂಬುಜಕ್ಕ. ತೆಳ್ಳಗಿನ ಎತ್ತರದ ಹೆಂಗಸು, ಬಿಸಿಲಿಗೆ ಸೆರಗು ಹೊದ್ದಿದ್ದಳು. ನನ್ನ ಮುಖ ನೋಡಲಿಲ್ಲ, ವಿಮಾನವನ್ನು ನೋಡಿದಳು.

"ಹತ್ತಿ ತೆಗಿ ನರಹರಿ," ಅಂದಳು. "ಕೇಳೋಕೆ ಬಂದಿರೋದು."

"ಮುಂಜಾಗ್ರತೆ ಅಕ್ಕ."

"ಮದುವೆ ಮನೆಗೆ ಬಾಯಿಗೆ ಬಟ್ಟೆ ಕಟ್ಕೊಂಡು ಬಂದ ಹಾಗಾಯ್ತು," ಎಂದು ಇನಾಸಣ್ಣ ಗೊಣಗಿದ. ನರಹರಿ ಹತ್ತಿ ತೆಗೆದು ಜೇಬಿಗಿಟ್ಟುಕೊಂಡ.

ಐದಕ್ಕೆ ಒಂದು ನಿಮಿಷವಿತ್ತು. ನಿನ್ನೆ ನಾವು ನೆಲದ ಮೇಲೆ ಫ್ಯಾನು ತಿರುಗಿಸಿ ನೋಡಿದ ಸದ್ದು ಆಗಲೇ ಶುರುವಾಗಿತ್ತು. ಅದರ ನಡುವೆ ಇವತ್ತಿನ ಫ್ಯಾನು ತಿರುಗುತ್ತಿದೆಯೇ ಎಂದು ತಿಳಿಯಬೇಕಲ್ಲ, ನಾನು ಅದನ್ನು ಚಾಲೂ ಮಾಡಿ, ನಮ್ಮೂರಿನ ಯಾರೇ ಆದರೂ ಮಾಡುವಂತೆ, ಬಗ್ಗಿ ಅದರ ಬೆನ್ನಿನ ಮೇಲೆ ಅಂಗೈಯಿಟ್ಟೆ. ನಡುಕವೇ ಇಲ್ಲ. ಮೋಟಾರು ನಿಂತಿದೆ ಎಂದುಕೊಂಡು ಇನ್ನಷ್ಟು ಜೋರು ಮಾಡಿದೆ. ಆಗಲೂ ಇಲ್ಲ. ಮತ್ತೂ ಜೋರು. ಬಾಲದ ಹಿಂದೆ ಧೂಳೆದ್ದ ಮೇಲೆ ನನಗೆ ಹೊಳೆಯಿತು: ನಡುಕ ಇಲ್ಲದ ಹಾಗೆ ಇಪ್ಪತ್ತು ದಿನ ಕೂತು ಸರಿಮಾಡಿದವಳು ನಾನೇ. ಅಷ್ಟರಲ್ಲಿ ಪೂರ್ತಿ ಬಲದಲ್ಲಿ ಮುಕ್ಕಾಲು ನಿಮಿಷದಷ್ಟು ಬ್ಯಾಟರಿ ನೆಲದ ಮೇಲೇ ಉರಿದುಹೋಗಿತ್ತು. ಆ ಲೆಕ್ಕ ಆಗ ನನ್ನ ತಲೆಗೆ ಬರಲಿಲ್ಲ. ಗಡಿಯಾರ ಐದು ತೋರಿಸಿತು, ನಿನ್ನೆಯ ಸದ್ದು ಓಡತೊಡಗಿತು, ನಾನೂ ಬಿಟ್ಟೆ.

ಮೊದಲ ಎರಡು ಸುತ್ತಿನಂಥದನ್ನು ನಾನು ಮತ್ತೆ ನೋಡಲಾರೆ. ನಿನ್ನೆಯ ಸದ್ದೂ ಇವತ್ತಿನ ಮೈಯೂ ಒಂದರೊಳಗೊಂದು ಕೂತು ಹೋಗುತ್ತಿದ್ದವು. ಎಲ್ಲಿ ಸದ್ದು ತಿರುಗುತ್ತದೋ ಅಲ್ಲಿ ನೀಲಿ ಮೈ ತಿರುಗುತ್ತಿತ್ತು. ಬಲರೆಕ್ಕೆಯ ಜರಿ ಸಂಜೆ ಬಿಸಿಲಿಗೆ ಮಿಂಚುತ್ತಿತ್ತು. ಸಮಿತಿಯವರು ಬಾಯಿ ತೆರೆದು ನಿಂತಿದ್ದರು. ಅಂಬುಜಕ್ಕ ಮೆಲ್ಲಗೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಕೈಯಲ್ಲಿದ್ದ ರಿಮೋಟು ಬೀಪ್ ಎಂದಿತು. ಬ್ಯಾಟರಿ ಮುಗಿಯುತ್ತ ಬಂದಾಗ ಕೂಗುವ ಬೀಪು ಅದು. ನಿನ್ನೆಯದು, ಅಂದುಕೊಂಡೆ. ಮೂರು ನಿಮಿಷಕ್ಕೆ ಮೂಗೆತ್ತಿದೆ. ಸದ್ದು ಪೂರ್ತಿ ಬಲದಲ್ಲಿ ಮೇಲೇರಿತು. ವಿಮಾನವೂ ಏರಿತು, ಅರ್ಧದವರೆಗೆ. ಲೂಪಿನ ತುದಿಯಲ್ಲಿ ಸದ್ದು ಮುಂದಕ್ಕೆ ಹೋಯಿತು, ವಿಮಾನ ಹೋಗಲಿಲ್ಲ. ತಲೆಕೆಳಗಾಗಿ ಒಂದು ಗಳಿಗೆ ಯೋಚಿಸಿದಂತೆ ನಿಂತು, ಒಣಗಿದ ಎಲೆಯ ಹಾಗೆ ಸುತ್ತುತ್ತ ಬಂದು ಕೆರೆಯಂಗಳದ ನಡುವೆ ಬಿತ್ತು. ಬಿದ್ದ ಸದ್ದು ಕೂಡ ಕೇಳಲಿಲ್ಲ, ಮೇಲಿನ ಸದ್ದು ಅಷ್ಟಿತ್ತು.

ಇನಾಸಣ್ಣನ ಬಾಯಿ ದೊಡ್ಡದಾಗಿ ತೆರೆದದ್ದು ಕಂಡಿತು. ಏನು ಕೂಗಿದನೆಂದು ಮಾರನೆಯ ದಿನ ತಿಳಿಯಿತು: "ಅಯ್ಯೋ, ನನ್ನ ಮಂಡಿ!"

ನೀಲಿ ಫೋಮಿನ ಚೂರುಗಳು ನೆಲದ ಮೇಲಿದ್ದವು. ಆಕಾಶದಲ್ಲಿ ನನ್ನ ನಿನ್ನೆಯ ವಿಮಾನ ಲೂಪನ್ನು ಪೂರ್ತಿ ಮುಗಿಸಿ, ನೆಟ್ಟಗಾಗಿ, ತಿರುಗಿ ನಮ್ಮ ಕಡೆ ಬರುತ್ತಿತ್ತು. ಎಲ್ಲರ ಕತ್ತೂ ಅದರ ಜೊತೆ ತಿರುಗಿತು. ಇಲ್ಲದ ವಿಮಾನವನ್ನು ಎಂಟು ಜನ ಕಣ್ಣಿನಿಂದ ಹಿಂಬಾಲಿಸುತ್ತಿದ್ದೆವು. ಅದು ತಗ್ಗಿನಲ್ಲಿ ನಮ್ಮ ನೆತ್ತಿಯ ಮೇಲೆ ಹಾದಾಗ ನರಹರಿ ಕುಕ್ಕರಗಾಲಲ್ಲಿ ಕೂತೇಬಿಟ್ಟ. ಈಗ ನನ್ನ ಕೈಯ ಹತ್ತಿರ ನಿಜವಾಗಿ ನಿನ್ನೆಯ ಬೀಪು ಕೇಳಿತು; ಮೊದಲು ಕೂಗಿದ್ದು ಇವತ್ತಿನದು.

ಅಂಬುಜಕ್ಕ ಮಾತ್ರ ಆಕಾಶ ನೋಡಲಿಲ್ಲ. ಬಿದ್ದ ಜಾಗದ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ತುಟಿ ಆಡುತ್ತಿದ್ದದ್ದು ನನಗೆ ಕಂಡಿತು. ಒಂದೆರಡು ಮಾತಲ್ಲ, ಒಂದೇ ಸಮನೆ ಮಾತಾಡುತ್ತಿದ್ದಳು. ಎರಡನೆಯ ಸಲ ಸದ್ದು ನೆತ್ತಿಯ ಮೇಲೆ ಹಾಯಿತು, ಇಳಿಯಿತು, ಗಟ್ಟಿ ಮಣ್ಣಿನ ಮೇಲೆ ಚಕ್ರ ಉರುಳಿಸುತ್ತ ನಮ್ಮ ಕಾಲ ಹತ್ತಿರ ಬಂದು ನಿಂತಿತು. ಅಷ್ಟರಲ್ಲಿ ಅವಳೂ ಬಾಯಿ ಮುಚ್ಚಿದ್ದಳು. ಆಮೇಲೆ ಗಾಳಿಯಲ್ಲಿ ನಿನ್ನೆಯ ನನ್ನ ನಗು ಒಂದು ಕೇಳಿಸಿತು. ಅದಕ್ಕಿಂತ ಕೆಟ್ಟ ಹೊತ್ತಿಗೆ ಯಾವ ನಗುವೂ ಬಂದಿರಲಾರದು.

"ಏನಂದ್ರಿ ಅಕ್ಕ?" ಎಂದೆ.

"ಏನಿಲ್ಲ," ಅಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಸದ್ದು ಚೆನ್ನಾಗಿದೆ. ಆಲಿಕೆ ಇರೋ ಮನೆ ಬಾಗಿಲಿಗೆ ಬಿಳಿ ಬಟ್ಟೆ ಕಟ್ಟಲಿ. ಬಟ್ಟೆ ಕಂಡ ದಿನ ಹಾರಿಸಬಾರದು. ಮಿಕ್ಕ ದಿನ ಹಾರಿಸ್ಕೊಳ್ಲಿ. ಬರ್ಕೋ ನರಹರಿ."

ನರಹರಿ ಮಣ್ಣು ಕೊಡವಿಕೊಂಡು ಎದ್ದ. "ಅಕ್ಕಾ, ದೊಡ್ಡಪ್ಪನ ಕೊನೇ ಮಾತು ಹೋಗಿದ್ದು ಇದರಿಂದ್ಲೇ. ಅದನ್ನ ಮರೆತು..."

"ನನ್ನ ಅಪ್ಪನ ಮಾತು ನರಹರಿ. ಹೋಗಿದ್ದರೆ ನನ್ನದು ಹೋಗಿದೆ. ಬರ್ಕೋ."

ಬುಧವಾರ ಸಂಜೆ ನಾನೂ ಇನಾಸಣ್ಣನೂ ಮತ್ತೆ ಕೆರೆಯಂಗಳಕ್ಕೆ ಹೋದೆವು. ಮೋಟಾರು ಸರಿಯಾಗಿ ಎಲ್ಲಿ ನಿಂತಿತು ಎಂದು ಕೇಳಿ ತಿಳಿಯಬೇಕು ಎಂದು ಅವನ ಹಟ. ಅವನನ್ನು ಲೂಪಿನ ಜಾಗದ ಕೆಳಗೆ, ಅಷ್ಟು ದೂರದಲ್ಲಿ, ಕುರ್ಚಿ ಹಾಕಿ ಕೂರಿಸಿದೆ. ನಾನು ನಿನ್ನೆ ನಿಂತಿದ್ದ ಜಾಗದಲ್ಲಿ ನಿಂತೆ. ಬೇರೆ ಯಾರೂ ಇರಲಿಲ್ಲ. ಬಿದ್ದ ವಿಮಾನದ ಸದ್ದು ಕೇಳಲು ಯಾರು ಬರುತ್ತಾರೆ?

ಐದು ಗಂಟೆಗೆ ಅದು ಓಡಿತು, ಎದ್ದಿತು, ಎರಡು ಸುತ್ತು ಹಾಕಿತು. ನಿನ್ನೆ ಎರಡು ಸದ್ದು ಒಂದಾಗಿ ಕೇಳಿದ್ದು ಇವತ್ತು ಒಂದೇ ಇತ್ತು, ತೆಳ್ಳಗೆ. ಬೀಪು ಬಂತು. ಇವತ್ತು ಅದು ನಿನ್ನೆಯದೇ. ಏರುತ್ತ ಏರುತ್ತ ಸದ್ದು ಸೊರಗಿ ನಿಂತುಹೋಯಿತು. ಫೋಮಿನ ರೆಕ್ಕೆಗೆ ಗಾಳಿ ತಗಲುವ ಫಡಫಡ. ಧೊಪ್. ಇನಾಸಣ್ಣನ ಮಂಡಿಯ ಕೂಗು. ಆಮೇಲೆ, ನನ್ನ ಎಡಗಿವಿಯ ಹತ್ತಿರ, ಒಂದು ಮೊಳದಷ್ಟೂ ದೂರವಿಲ್ಲದೆ, ಅಂಬುಜಕ್ಕನ ದನಿ.

"ನಾನು ಬಾಗಿಲ ಹಿಂದೇನೇ ಇದ್ದೆ ತಾರಿಣಿ. ಅಪ್ಪ ಅಂದದ್ದು ಕೇಳ್ತು. ಒಳಗೆ ಬರೋಕೆ ಕಾಲು ಏಳಲಿಲ್ಲ, ಗಂಜಿ ಹಿಡ್ಕೊಂಡು ನಿಂತೇ ಇದ್ದೆ. ಮಾರನೇ ದಿನ ಅಷ್ಟೂ ಜನ ಚಾಪೆ ಮೇಲೆ ಕೂತಿದ್ರು, ನರಹರಿ ಎಲ್ಲರಿಗಿಂತ ಮುಂದೆ. ನಾನು ಗಡಿಯಾರ ನೋಡ್ತಾ ಕೂತಿದ್ದೆ. ಎದ್ದು ಓಡಿಹೋಗ್ಲಾ ಅಂತಿದ್ದೆ. ಆಗ ನಿನ್ನ ಆ ದರಿದ್ರ ವಿಮಾನ ಬಂತು. ಸಿಗ್ನಲ್ ಹೋಯ್ತು ಅಂದೆಯಂತೆ ಎಲ್ಲರ ಹತ್ರ. ಸಿಗ್ನಲ್ ಹೋದದ್ದು ಒಂದೇ ಮನೆ ಮೇಲೆ ಆರು ಸುತ್ತು ಹಾಕಲ್ಲ. ಅಷ್ಟು ನಂಗೂ ಗೊತ್ತು. ಅದು ಹೇಗಿದೆ ಅಂತ ಒಂದು ಸಲ ಕಣ್ಣಾರೆ ನೋಡಬೇಕು ಅನ್ನಿಸ್ತು. ಅದಕ್ಕೇ ಹಾಗೆ ಬರೆದೆ. ಬೀಳತ್ತೆ ಅಂತ ತಿಳೀಲಿಲ್ಲ. ಆ ಫ್ಯಾನು ಇನ್ನೂ ಕಿರ್ರ್ ಅಂತಾನೇ ಇದೆ. ಬಂದು ನೋಡು."

ಆಮೇಲೆ ನನ್ನದೇ ದನಿ, "ಏನಂದ್ರಿ ಅಕ್ಕ?" ಅವಳದು, "ಏನಿಲ್ಲ."

ಇನಾಸಣ್ಣ ಕುರ್ಚಿಯಿಂದ ಎದ್ದು ಕೈ ಬೀಸುತ್ತಿದ್ದ. "ತುದೀಲೇ ನಿಂತಿದ್ದು! ನಾನು ಹೇಳ್ದೆ ತಾನೆ? ಬ್ಯಾಟರಿ! ಕೇಳ್ದೆಯಾ?"

"ಕೇಳ್ದೆ ಇನಾಸಣ್ಣ," ಎಂದು ಕೂಗಿದೆ. "ಪೂರ್ತಿ ಕೇಳ್ದೆ."

ಗುರುವಾರ ಬೆಳಗ್ಗೆ ಎಣ್ಣೆಯ ಡಬ್ಬಿ, ಸ್ಕ್ರೂಡ್ರೈವರು ತೆಗೆದುಕೊಂಡು ಆ ಮನೆಗೆ ಹೋದೆ. ಹಾಸಿಗೆ ಇರಲಿಲ್ಲ, ಆ ಜಾಗದಲ್ಲಿ ಅಂಬುಜಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಕಿರ್ರೆನ್ನುತ್ತಿದ್ದ ಫ್ಯಾನನ್ನು ನಿಲ್ಲಿಸಿ ಏಣಿ ಹತ್ತಿದೆ. ಫ್ಯಾನಿನ ಬುಷ್ ಸವೆದಿತ್ತು. ಬದಲಾಯಿಸಿ, ಎಣ್ಣೆ ಬಿಟ್ಟು, ಗುಂಡಿ ಒತ್ತಲು ಹೇಳಿದೆ. ಸದ್ದಿಲ್ಲದೆ ತಿರುಗಿತು.

"ನಾಳೆ ನಾನು ಬಂದ ಹೊತ್ತಿಗೆ ಒಂದ್ಸಲ ಕಿರ್ರ್ ಅನ್ನತ್ತೆ ಅಕ್ಕ," ಎಂದೆ ಮೇಲಿಂದ. "ಅದು ಇವತ್ತಿಂದು. ಕೆಟ್ಟಿದೆ ಅಂದ್ಕೋಬೇಡಿ."

"ಗೊತ್ತಿದೆ ಕಣೆ, ಈ ಊರಲ್ಲೇ ಹುಟ್ಟಿದೋಳು ನಾನು," ಎನ್ನುತ್ತ ಅವಳು ಅಡುಗೆಮನೆಗೆ ಹೋದಳು. ನಾನು ಇಳಿದು ಕೈ ಒರೆಸಿಕೊಳ್ಳುವಷ್ಟರಲ್ಲಿ ಕಾಫಿ ತಂದು ಮಿಷನ್ನಿನ ಮೇಲಿಟ್ಟಳು. ಲೋಟದ ಮೇಲೆ ಕೈಯಿಟ್ಟು ನೋಡಿದೆ. ಬಿಸಿಯಾಗಿತ್ತು.